ಅಲಿಗೇಷನ್ ಮಹಾಶಯ

ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಬ್ಯಾಂಕ್ ಪರೀಕ್ಷೆಗೆ ಓದುವವರಲ್ಲಿ ಒಂದು ಜಾತಿಯಿದೆ. ಇವರಿಗೆ ಜಗತ್ತೆಲ್ಲ ವೇಟೆಡ್ ಆವರೇಜ್.

40 ಹುಡುಗರ ಸರಾಸರಿ 60 ಅಂಕ, 20 ಹುಡುಗಿಯರದು 75, ಇಡೀ ತರಗತಿಯದೆಷ್ಟು? ನಾವು ನೀವಾದರೆ ಎರಡನ್ನೂ ಕೂಡಿಸಿ ಅರ್ಧ ಮಾಡುತ್ತೇವೆ. ಪ್ರಶ್ನೆ ತೆಗೆಯುವವರಿಗೆ ನಮ್ಮ ಬುದ್ಧಿ ಗೊತ್ತು; ಆಯ್ಕೆಗಳಲ್ಲಿ 67.5 ಬಾಯಿ ತೆರೆದು ಕಾದಿರುತ್ತದೆ. ಬಿದ್ದರೆ ಕಾಲು ಅಂಕ ಕಡಿತ. ನನ್ನ ರೂಮಿನವನು ಪೆನ್ನು ಮುಟ್ಟುವುದಿಲ್ಲ. ಹುಡುಗರು ಎರಡು ಪಾಲು, ಹುಡುಗಿಯರು ಒಂದು ಪಾಲು, ಅಂತರ 15, ಅದರ ಮೂರನೇ ಒಂದು 5. "65 ರೀ ಅಣ್ಣಾ!" 35 ಪ್ರಶ್ನೆಗೆ 20 ನಿಮಿಷ ಕೊಟ್ಟರೆ ಹೀಗೇ ಓಡಬೇಕು, ನಿಜ. ನಾನು 2400ಕ್ಕೆ 1500 ಕೂಡಿಸುವಷ್ಟರಲ್ಲಿ ಅವನು ಚಹಾಕ್ಕೆ ನೀರಿಟ್ಟಿರುತ್ತಾನೆ.

ಈ ವಿದ್ಯೆ ಪುಸ್ತಕದಲ್ಲೇ ಇದ್ದಿದ್ದರೆ ನನ್ನ ತಕರಾರಿರಲಿಲ್ಲ. ಒಮ್ಮೆ ಅಕ್ಕಿ ತರುವ ಪಾಳಿ ಅವನಿಗೆ ಬಂತು. ನಮ್ಮ ಬಜೆಟ್ಟು ಕೆಜಿಗೆ 52 ರೂಪಾಯಿ. ಅಂಗಡಿಯಲ್ಲಿದ್ದದ್ದು 40ರದು ಮತ್ತು 60ರದು. ಮಹಾಶಯ ರಟ್ಟಿನ ಮೇಲೆ ಅಲಿಗೇಷನ್ನಿನ ಕತ್ತರಿ ಗೆರೆ ಎಳೆದ. 60ರಲ್ಲಿ 52 ಹೋದರೆ 8, 52ರಲ್ಲಿ 40 ಹೋದರೆ 12, ಅಂದರೆ ಎರಡಕ್ಕೆ ಮೂರು. ಅಗ್ಗದ್ದು 4 ಕೆಜಿ, ತುಟ್ಟಿಯದು 6 ಕೆಜಿ ಒಂದೇ ಚೀಲಕ್ಕೆ ಸುರಿಸಿಕೊಂಡು ಬಂದ. ಕುಕ್ಕರಿನಲ್ಲಿ ಒಂದು ಅಕ್ಕಿ ಗಂಜಿಯಾಯಿತು, ಇನ್ನೊಂದು ಹಲ್ಲಿಗೆ ಕಟಕಟ ಎಂದಿತು. ನಾನು ಅವನ ಮುಖ ನೋಡಿದೆ.

"ಸರಾಸರಿ ಬರೊಬ್ಬರಿ ಬೆಂದೈತಿ ನೋಡ್ರಿ ಅಣ್ಣಾ."

ಹತ್ತೂ ಕೆಜಿ ಮುಗಿಯುವವರೆಗೆ ಅದನ್ನೇ ಉಂಡೆವು.

ಚಿಗರಿ ಬಸ್ಸಿನಲ್ಲೂ ಬಿಡುವಿಲ್ಲ. ಹುಬ್ಬಳ್ಳಿಗೆ ಹೋಗುವಾಗ 40ರ ವೇಗ, ಬರುವಾಗ 60 ಆದರೆ ಸರಾಸರಿ 50 ಅಲ್ಲ, 48 ಎಂದು ಪಕ್ಕದ ಅಜ್ಜಿಗೂ ತಿಳಿಸುತ್ತಾನೆ. ಬಾಡಿಗೆ ಮರೆಯುತ್ತಾನೆ. ಪಾತ್ರೆ ಮಾತ್ರ ಕೇಳದೆಯೇ ತೊಳೆದಿಡುತ್ತಾನೆ.

ಐಬಿಪಿಎಸ್ ನಡೆಸುವ ಬ್ಯಾಂಕ್ ಅಧಿಕಾರಿ (ಪಿಒ) ಆಯ್ಕೆಯೂ ವೇಟೆಡ್ ಆವರೇಜೇ: ಮುಖ್ಯ ಪರೀಕ್ಷೆಗೆ 80, ಸಂದರ್ಶನಕ್ಕೆ 20. ಅವನಿಗೆ 80ರ ಭಯವಿಲ್ಲ. ಆ 20ರ ಮುಂದೆ ಕೂತಾಗ ಇಂಗ್ಲಿಷು ಗಂಟಲಲ್ಲೇ ಉಳಿದುಬಿಡುತ್ತದೆ. ಸಾಮಾನ್ಯ ವರ್ಗದ ವಯೋಮಿತಿ 30; ಅವನಿಗೀಗ 29. ಊರಿನಿಂದ ಅಪ್ಪನ ಫೋನು ಬಂದರೆ ಇತ್ತೀಚೆಗೆ ಟೆರೇಸಿಗೆ ಹೋಗಿ ಮಾತಾಡುತ್ತಾನೆ.

ಸಂದರ್ಶನ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಆ 20ರಲ್ಲಿ ಸ್ವಲ್ಪ ಕೈ ಬಿಚ್ಚಿ. ಬಡ್ಡಿ ಲೆಕ್ಕವೆಲ್ಲ ಅವನ ಬಾಯಲ್ಲೇ ಇದೆ. ಬ್ಯಾಂಕಿನ ಕ್ಯಾಂಟೀನಿಗೆ ಅಕ್ಕಿ ತರಲು ಮಾತ್ರ ಕಳಿಸಬೇಡಿ.