ಸದ್ದಿಲ್ಲದೆ ಬಂದವರನ್ನು ನಂಬುವುದು ಹೇಗೆ?

ನಮ್ಮ ಕಣಕಟ್ಟೆ ಕಡೆಯ ಹಿರಿಯರಿಗೆ ಈಚೆಗೆ ಒಂದು ಹೊಸ ಕಾಯಿಲೆ ಅಂಟಿಕೊಂಡಿದೆ. ಹಿಂದೆ ಯಾವ ಗಾಡಿಯ ಸದ್ದಿಗೆ ಕಿವಿ ಮುಚ್ಚಿಕೊಂಡು, ಅದರ ಮಾಲೀಕನ ಮೂರು ತಲೆಮಾರನ್ನೂ ಜಾಲಾಡುತ್ತಿದ್ದರೋ ಅದೇ ಸದ್ದನ್ನು ನೆನೆದು ಈಗ ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ಹೋಟೆಲಿನ ಬೆಂಚಿನಲ್ಲಿ ಒಬ್ಬರು "ಏನ್ ಸೌಂಡ್ ಕಣ್ರೀ ಯೆಜ್ಡಿದು! ಈಗಿನವೂ ಗಾಡಿಗಳಾ?" ಅಂದರೆ ಸಾಕು, ಪಕ್ಕದವರು ಬುಲೆಟ್ ಹೊರಗೆ ತೆಗೆಯುತ್ತಾರೆ, ಮೂಲೆಯವರು ರಾಜ್‌ದೂತ್ ಒದೆಯುತ್ತಾರೆ. ಕಾಫಿ ಆರಿಹೋಗುತ್ತದೆ. ಇಷ್ಟೆಲ್ಲ ಗುಡುಗಿದ ಮೇಲೆ ಎದ್ದು ಹೋಗಿ ಹತ್ತುವುದು ಮಾತ್ರ ಬಟನ್ ಒತ್ತಿದರೆ ಹೊರಡುವ, ಗೇರೇ ಇಲ್ಲದ ಸ್ಕೂಟರನ್ನು. ಕೇಳಿದರೆ ಮೊಣಕಾಲು ನೋವಂತೆ. ಆ ಮೊಣಕಾಲು ಹಾಳಾದದ್ದು ಯಾವ ಕಿಕ್ಕರ್ ಒದ್ದು ಅಂತ ಕೇಳಬಾರದು.

ಆದರೆ ಅವರ ಪರವಾಗಿಯೂ ಒಂದು ಮಾತು ಹೇಳಬೇಕು. ಅರಸೀಕೆರೆ ತಾಲ್ಲೂಕಿನ ಈ ಹೋಬಳಿಯಲ್ಲಿ ಆಗ ಗಾಡಿ ಇಟ್ಟವರೇ ಬೆರಳೆಣಿಕೆ ಮಂದಿ. ತೆಂಗಿನ ತೋಟದ ಮರೆಯಿಂದ ಗಾಡಿ ಕಣ್ಣಿಗೆ ಬೀಳುವ ಎಷ್ಟೋ ಮುಂಚೆ ಸದ್ದು ಊರು ಮುಟ್ಟುತ್ತಿತ್ತು. ಜಗಲಿಯಲ್ಲಿ ಅವರೆಕಾಯಿ ಸುಲಿಯುವ ಅಜ್ಜಿಗೆ ಎಂಜಿನ್ ಹೆಸರು ಗೊತ್ತಿಲ್ಲದಿದ್ದರೂ ಬಂದವರು ಯಾರೆಂದು ಗೊತ್ತು. ಕ್ಯಾನುಗಳ ಕುಲುಕಾಟದ ಜೊತೆ ಬಂದರೆ ಹಾಲಿನವನ ರಾಜ್‌ದೂತ್. ಸೈಲೆನ್ಸರ್ ತೂತಾಗಿದ್ದರೆ ಮೇಷ್ಟ್ರು. ಗಂಡ ಕೆರೆ ಏರಿ ಮೇಲಿದ್ದಾನೆಂದು ಸದ್ದು ಹೇಳಿದ ಮೇಲೇ ಹೆಂಡತಿ ಸಾರು ಬಿಸಿಗಿಡುತ್ತಿದ್ದಳು. ರಾತ್ರಿ ತಡಮಾಡಿ ಬರುವ ಗಂಡಂದಿರು ಊರ ಬಾಗಿಲಲ್ಲೇ ಎಂಜಿನ್ ನಿಲ್ಲಿಸಿ, ಕ್ವಿಂಟಾಲಿಗೂ ಮಿಕ್ಕ ಗಾಡಿಯನ್ನು ಮನೆತನಕ ತಳ್ಳಿಕೊಂಡು ಬರುತ್ತಿದ್ದರು. ಕುಡಿದದ್ದೆಲ್ಲ ಆ ಬೆವರಿನಲ್ಲೇ ಇಳಿಯುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಉಪಕಾರ ಸಾಲಗಾರರಿಗೆ. ವಸೂಲಿಯವರು ಬುಲೆಟ್ಟಿನಲ್ಲಿ ಡುಗು ಡುಗು ಎನ್ನುತ್ತ ಅತ್ತ ತಿರುವಿನಲ್ಲಿರುವಾಗಲೇ ಇತ್ತ ಯಜಮಾನರು ಹಿತ್ತಲ ಬಾಗಿಲಿನಿಂದ ತೋಟ ಸೇರಿಬಿಡುತ್ತಿದ್ದರು. ಸಾಲ ಕೊಟ್ಟವರಿಗೂ ಮರ್ಯಾದೆ, ತಗೊಂಡವರಿಗೂ ಮರ್ಯಾದೆ. ಈಗಿನ ವಸೂಲಿ ಹುಡುಗ ಕರೆಂಟ್ ಸ್ಕೂಟರಿನಲ್ಲಿ ಬರುತ್ತಾನೆ. ಬಾಗಿಲಲ್ಲಿ ನಿಂತು "ಯಜಮಾನ್ರಿದಾರಾ?" ಅಂದಾಗಲೇ ಅವನು ಬಂದದ್ದು ತಿಳಿಯುವುದು. ಆಗ ಯಜಮಾನರು ಎದುರಿಗೇ ಮುದ್ದೆ ಮುರಿಯುತ್ತ ಕೂತಿರುತ್ತಾರೆ. ಇದು ನ್ಯಾಯವೇ ಸ್ವಾಮಿ?

ಯೆಜ್ಡಿಯ ವಿಷಯದಲ್ಲಂತೂ ನಮ್ಮವರಿಗೆ ತವರುಮನೆಯ ಅಭಿಮಾನ. ಮೈಸೂರಿನ ಯಾದವಗಿರಿಯಲ್ಲಿ ಇರಾನಿ ಕುಟುಂಬದವರ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜೆಕೊಸ್ಲೊವಾಕಿಯಾದ ಜಾವಾ ತಯಾರಿಸಲು ಶುರುಮಾಡಿತು. ಎಪ್ಪತ್ತರ ದಶಕದಲ್ಲಿ ಅದೇ ಗಾಡಿ ಯೆಜ್ಡಿ ಎಂದು ಹೆಸರು ಬದಲಿಸಿಕೊಂಡಿತು. ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು! ಮನೆಯಲ್ಲಿ ಮಾತಾಡುವವರು ಒಬ್ಬರೇ ಇದ್ದರೂ ಕೇಳಿಸಿಕೊಳ್ಳುವವರಿಗೆ ಎರಡೂ ಕಿವಿ ಬೇಕಲ್ಲ. ಇನ್ನೊಂದು ಸೋಜಿಗವೆಂದರೆ, ಗಾಡಿಯನ್ನು ಎಬ್ಬಿಸುವ ಕಿಕ್ಕರನ್ನೇ ಒಳಕ್ಕೆ ಒತ್ತಿ ಮುಂದಕ್ಕೆ ತಿರುಗಿಸಿದರೆ ಅದೇ ಗೇರ್ ಲಿವರ್. ಹೊಸಬರು ಗಾಡಿ ಎರವಲು ಪಡೆದರೆ ಗೇರೇ ಇಲ್ಲವಲ್ಲ ಎಂದು ಸುತ್ತೆಲ್ಲ ಹುಡುಕುತ್ತಿದ್ದರು. ಎರವಲು ಕೊಟ್ಟವನು ಅಂಗಡಿ ಕಟ್ಟೆಯಲ್ಲಿ ಕೂತು ನೋಡುತ್ತಿದ್ದನೇ ಹೊರತು ಹೇಳಿಕೊಡುತ್ತಿರಲಿಲ್ಲ. ಪೆಟ್ರೋಲಿನ ಜೊತೆ ಆಯಿಲನ್ನೂ ಕುಡಿದು ನೀಲಿ ಹೊಗೆ ಬಿಡುವ ಟೂ ಸ್ಟ್ರೋಕ್ ಗಾಡಿ. ಅದು ಹಾದುಹೋದ ಬೀದಿಯಲ್ಲಿ ಸಂಜೆ ಸೊಳ್ಳೆಗೆ ಬೇರೆ ಹೊಗೆ ಹಾಕಬೇಕಿರಲಿಲ್ಲ. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. 2018ರಲ್ಲಿ ಜಾವಾ ಹೆಸರು ಮತ್ತೆ ಬಂದದ್ದು ಫೋರ್ ಸ್ಟ್ರೋಕ್ ಎಂಜಿನ್ ಹೊತ್ತು. ನಮ್ಮ ಹಿರಿಯರು ಹೊಸ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಮೂಗೇರಿಸಿ, "ವಾಸ್ನೆನೇ ಇಲ್ವಲ್ಲೋ" ಅಂದರು.

ಬುಲೆಟ್ಟಿನವರ ಜಂಬವೇ ಬೇರೆ. ಡಿಕಂಪ್ರೆಷನ್ ಲಿವರ್ ಒತ್ತಬೇಕು, ಆಂಪಿಯರ್ ಮುಳ್ಳು ಮಧ್ಯಕ್ಕೆ ಬರುವತನಕ ಕಿಕ್ಕರನ್ನು ಮೆಲ್ಲಗೆ ಇಳಿಸಬೇಕು, ಆಮೇಲೆ ಒಂದೇ ಒದೆ. ಲೆಕ್ಕ ತಪ್ಪಿದರೆ ಅದೇ ತಿರುಗಿಸಿ ಒದೆಯುತ್ತದೆ. ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಬೇರೆ ಗಾಡಿ ರೂಢಿಯಿದ್ದವರು ಹತ್ತಿದರೆ ಬ್ರೇಕ್ ಎಂದು ಗೇರ್ ತುಳಿದು ನೇರ ಬೇಲಿಗೆ. ಇದರಲ್ಲೂ ಡೀಸೆಲ್ ಬುಲೆಟ್ ಎಂಬ ಒಂದು ಅವತಾರವಿತ್ತು, ನೆನಪಿದೆಯೇ? ಅದರ ಎಂಜಿನ್ನು ಪಂಪ್‌ಸೆಟ್ಟುಗಳಿಗೆ ಹಾಕುತ್ತಿದ್ದ ಜಾತಿಯದು. ದೂರದಲ್ಲಿ ಅದರ ಸದ್ದು ಕೇಳಿದರೆ ಯಾರದೋ ತೋಟಕ್ಕೆ ನೀರು ಬಿಟ್ಟರು ಅಂದುಕೊಳ್ಳಬೇಕು. ನೋಡಿದರೆ ತೋಟವೇ ಎದ್ದು ಬಂದಂತೆ ಗೌಡರು ಬರುತ್ತಿದ್ದಾರೆ. ಹ್ಯಾಂಡಲ್ ನಡುಕಕ್ಕೆ, ಇಳಿದು ಅರ್ಧ ಗಂಟೆಯಾದರೂ ಕೈಯಲ್ಲಿನ ಕಾಫಿ ಲೋಟ ತಾಳ ಹಾಕುತ್ತಿತ್ತು. ಆದರೆ ಮೈಲೇಜು ಕೇಳಿದರೆ ಮುಖ ಅರಳುತ್ತಿತ್ತು. ಕೊಬ್ಬರಿ ಮಾರುವವರ ಊರಲ್ಲವೇ, ಕಿವಿ ಹೋದರೂ ಕಾಸು ಉಳಿಯಬೇಕು.

ಕಾರಿನ ಸುದ್ದಿ ಹೆಚ್ಚು ಬೇಡ. ಮದುವೆಗೊಂದು ಅಂಬಾಸಿಡರ್ ಬರುತ್ತಿತ್ತು. ಅದರೊಳಗೆ ಗಂಡಿನ ಕಡೆಯವರೆಲ್ಲ ಹಿಡಿಸುತ್ತಿದ್ದರು, ಗಂಡೊಬ್ಬನಿಗೆ ಮಾತ್ರ ಜಾಗ ಸಾಲುತ್ತಿರಲಿಲ್ಲ. 2014ರಲ್ಲಿ ಅದನ್ನು ತಯಾರಿಸುವುದನ್ನೇ ನಿಲ್ಲಿಸಿದರು.

ಈಗ ಆ ಸದ್ದಿನ ಪಿತ್ರಾರ್ಜಿತಕ್ಕೆ ವಾರಸುದಾರರಾಗಿ ಹುಡುಗರು ಹೊರಟಿದ್ದಾರೆ. 1985ರಲ್ಲಿ ಬಂದ ಆರ್‌ಎಕ್ಸ್ 100 ಅವರು ಹುಟ್ಟುವ ಮೊದಲೇ ನಿಂತುಹೋದ ಗಾಡಿ. ಆದರೂ ಎಲ್ಲಿಂದಲೋ ಹುಡುಕಿ ತಂದು, ಸೈಲೆನ್ಸರಿನ ಹೊಟ್ಟೆ ಬಗೆದು ಗಣಪತಿ ಬಿಡುವ ದಿನ ಊರೆಲ್ಲ ಸುತ್ತಿಸುತ್ತಾರೆ. ಆಗ ನೋಡಬೇಕು ನಮ್ಮ ಹಿರಿಯರ ವರಸೆ: "ಪೊಲೀಸಿನವ್ರು ಏನ್ ಮಾಡ್ತವ್ರೆ? ಕಿವಿ ಹರಿದೋಗ್ತೈತೆ!" ಪೊಲೀಸರೇನು ಸುಮ್ಮನಿಲ್ಲ. ರಾಜ್ಯದ ಹಲವು ಊರುಗಳಲ್ಲಿ ಇಂಥ ಸೈಲೆನ್ಸರ್‌ಗಳನ್ನು ಕಿತ್ತು, ರಸ್ತೆಯಲ್ಲಿ ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದ್ದಾರೆ. ಆ ರೋಲರಿನ ಸದ್ದು ಎಷ್ಟು ಡೆಸಿಬೆಲ್ ಅಂತ ಯಾರೂ ಅಳೆದ ಹಾಗಿಲ್ಲ.

ಸರ್ಕಾರಕ್ಕೂ ಹಳೆಯದರ ಮೇಲೆ ಪ್ರೀತಿ ಇದೆ, ಇಲ್ಲವೆನ್ನಬಾರದು. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ಪಟ್ಟ, ವಿಎ ಎಂಬ ಅಕ್ಷರವಿರುವ ಹೊಸ ನಂಬರು. ನೋಂದಣಿಗೆ 20,000 ರೂಪಾಯಿ. ಆಮೇಲೆ ಅದನ್ನು ದಿನದ ಕೆಲಸಕ್ಕೆ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ ಅಂಥದ್ದಕ್ಕೆ ಮಾತ್ರ. ಅಂದರೆ ತೋಟದಿಂದ ನಾಲ್ಕು ಎಳನೀರು ತರುವಂತಿಲ್ಲ. ಗಾಡಿ ಮೂಲರೂಪದಲ್ಲೂ ಇರಬೇಕಂತೆ. ನಮ್ಮ ಕಡೆಯ ಜಾವಾಗೆ ಬೋಲ್ಟು ಟ್ರ್ಯಾಕ್ಟರಿಂದು, ಸೀಟಿನೊಳಗೆ ತೆಂಗಿನ ನಾರು, ಕ್ಲಚ್ ಕೇಬಲ್ ಯಾವ ಗಾಡಿಯದೋ ದೇವರೇ ಬಲ್ಲ. ಮೂಲರೂಪದಲ್ಲಿ ಉಳಿದಿರುವುದು ಮಾಲೀಕನ ಹಟ ಒಂದೇ.

ಅಂಥ ಮಾಲೀಕರೊಬ್ಬರಿಗೆ ಮೊನ್ನೆ ಬೆಂಗಳೂರಿನ ಕಂಪ್ಯೂಟರ್ ಹುಡುಗನೊಬ್ಬ ಫೋನ್ ಮಾಡಿದ. ಗಾಡಿ ಕೊಳ್ಳಲು ಆಸೆ, ಮೊದಲು ಸದ್ದು ಕೇಳಿಸಿ ಅಂಕಲ್ ಎಂದ. ಇವರು ಮೊಮ್ಮಗನ ಕೈಗೆ ಫೋನ್ ಕೊಟ್ಟು ಸೈಲೆನ್ಸರಿನ ಬಾಯಿಗೆ ಹಿಡಿಸಿದರು. ಒದ್ದರು, ಒದ್ದರು, ಪಂಚೆ ಎತ್ತಿ ಕಟ್ಟಿ ಮತ್ತೆ ಒದ್ದರು. ಕೊನೆಗೂ ಗಾಡಿ ಕೆಮ್ಮಿ ಎದ್ದಿತು. ಎದುರು ಮನೆಯ ಎಮ್ಮೆ ಗೂಟ ಕಿತ್ತುಕೊಂಡು ಓಡಿತು. ಫೋನಿನೊಳಗಿನ ಹುಡುಗ ಗದ್ಗದನಾಗಿ, "ಎಷ್ಟಕ್ಕೆ ಕೊಡ್ತೀರಾ ಅಂಕಲ್?" ಅಂದ. ಅರಸೀಕೆರೆ ಮಾರ್ಕೆಟ್ಟಿನಲ್ಲಿ ಕೊಬ್ಬರಿ ಬಿಟ್ಟು ಪಳಗಿದ ಮನುಷ್ಯ, ಹೊಸ ಗಾಡಿಗಿಂತ ಹೆಚ್ಚಿನ ರೇಟು ಹೇಳಿದರು. ಹುಡುಗ ತಡವರಿಸಿದ. ಇವರು ಬಿಡಲಿಲ್ಲ: "ನೋಡಪ್ಪಾ, ಗಾಡಿಗೇನು ಅರ್ಧ ಬೆಲೆ. ಮಿಕ್ಕಿದ್ದು ಸದ್ದಿಗೆ."

ಒಳಗಿನಿಂದ ಹೆಂಡತಿ ಕೂಗಿದರು: "ಸದ್ದು ಪುಕ್ಕಟೆ ಕೊಟ್ಟು ಕಳಿಸ್ರೀ ಅತ್ಲಾಗೆ! ಸಾಗಿಸೋ ಬಾಡಿಗೆ ನಾನು ಕೊಡ್ತೀನಿ!"