ತಂತಿಗೇ ಮೊದಲ ಮಣೆ
ವುಡ್‌ಬ್ರಿಡ್ಜ್‌ನ ಇಸೆಲಿನ್‌ನಲ್ಲಿ, ಓಕ್ ಟ್ರೀ ರಸ್ತೆಯ ಆಸುಪಾಸಿನ ನಮ್ಮವರ ಮನೆಗಳಲ್ಲಿ ಯಜಮಾನರ ಆಫೀಸು ಬೇಸ್‌ಮೆಂಟಿನಲ್ಲಿ. ನೀಲಿ ಕೇಬಲ್ ಚುಚ್ಚಿ ಕೂತರೂ ಲ್ಯಾಪ್‌ಟಾಪ್ ಮಾತ್ರ ವೈಫೈಗೇ ಜೋತುಬಿದ್ದಿರುತ್ತದೆ. ಮೇಲೆ ಅತ್ತೆಯವರ ಧಾರಾವಾಹಿ ಶುರುವಾಯಿತೋ, ಕೆಳಗೆ ಮೀಟಿಂಗಿನಲ್ಲಿ ಬಾಸು ಬಾಯಿ ತೆರೆದಂತೆಯೇ ನಿಂತುಬಿಡುತ್ತಾರೆ.

ವಿಂಡೋಸ್ ತಾನಾಗಿ ವೇಗ ನೋಡಿ ಮಣೆ ಹಾಕುತ್ತದೆ. 100 ಎಂಬಿಪಿಎಸ್‌ನ ಹಳೇ ಡಾಕ್‌ಗೆ ಕೇಬಲ್ ಸಿಕ್ಕಿಸಿದ್ದರೆ ವೇಗದ ವೈಫೈಯೇ ಗೆದ್ದೀತು. ಮದ್ದಿದೆ: ಅಡಾಪ್ಟರ್ ಪ್ರಾಪರ್ಟೀಸ್, ಅದರೊಳಗೆ ಐಪಿವಿ4, ಅದರೊಳಗೆ ಅಡ್ವಾನ್ಸ್‌ಡ್. ಆಟೊಮ್ಯಾಟಿಕ್ ಮೆಟ್ರಿಕ್‌ನ ಟಿಕ್ ತೆಗೆದು ಈಥರ್‌ನೆಟ್‌ಗೆ 10, ವೈಫೈಗೆ 50 ಬರೆಯಿರಿ. ಹೆಚ್ಚು ಅಂಕಕ್ಕೆ ಹೆಚ್ಚು ಮರ್ಯಾದೆ ಅಂದುಕೊಂಡೀರಿ! ಇದು ಎಸ್ಸೆಸ್ಸೆಲ್ಸಿ ರ್‍ಯಾಂಕಿನ ಲೆಕ್ಕ, ಚಿಕ್ಕ ಸಂಖ್ಯೆಯೇ ಮುಂದು. ಮ್ಯಾಕ್‌ನವರಿಗೆ ಈ ಗಣಿತವೂ ಇಲ್ಲ, ಸರ್ವಿಸ್ ಆರ್ಡರ್‌ನಲ್ಲಿ ಈಥರ್‌ನೆಟ್ಟನ್ನು ಮೇಲಕ್ಕೆಳೆದರಾಯಿತು.

ಇಷ್ಟಾದರೂ ಬಾಸು ಅಲುಗದಿದ್ದರೆ, ಕೇಬಲಿನ ಇನ್ನೊಂದು ತುದಿ ಎಲ್ಲಿದೆ, ಒಮ್ಮೆ ನೋಡಿ ಸ್ವಾಮಿ.