ಹಳೇ ಅಡುಗೆಮನೆ ಒಡೆದು ಹಳೇ ಅಡುಗೆಮನೆ ಕಟ್ಟುವುದು

ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲೋ ಬರ್ಕ್ಲಿಯಲ್ಲೋ ಕ್ರಾಫ್ಟ್ಸ್‌ಮನ್ ಶೈಲಿಯ ನೂರು ವರ್ಷದ ಮನೆ ಕೊಂಡವರು ಮೊದಲು ಅದನ್ನು ಹೊಗಳುತ್ತಾರೆ, ಆಮೇಲೆ ಅದರ ಅಡುಗೆಮನೆ ಒಡೆಯುತ್ತಾರೆ. ಅಗಲವಾದ ಸೂರು, ಬುಡದಲ್ಲಿ ದಪ್ಪಗಿದ್ದು ಮೇಲೇರುತ್ತ ಸಣ್ಣಗಾಗುವ ಜಗಲಿ ಕಂಬ, ಊಟದ ಕೋಣೆಯ ಗೋಡೆಗೇ ಕೂಡಿಸಿದ ಮರದ ಬೀರು ಎಲ್ಲವನ್ನೂ ಬಂದವರಿಗೆ ಸವರಿ ಸವರಿ ತೋರಿಸುತ್ತಾರೆ. 'ಇಂಥ ಮರ ಈಗೆಲ್ಲಿ ಸಿಗುತ್ತೆ ಹೇಳಿ!' ಅಡುಗೆಮನೆ ಬಾಗಿಲಿಗೆ ಬಂದಾಗ ದನಿ ತಗ್ಗುತ್ತದೆ. 'ಇದನ್ನ ತೆಗೆಸ್ತಾ ಇದೀವಿ.'

ತೆಗೆಸುತ್ತಿರುವುದಾದರೂ ಏನನ್ನು? ಬಿಳಿ ಬಣ್ಣ ಬಳಿದ ಸಾದಾ ಕಪಾಟು, ಲಿನೋಲಿಯಂ ನೆಲ, ಒಂದು ಸಿಂಕು, ಮುಚ್ಚಿಕೊಳ್ಳುವ ಒಂದು ಬಾಗಿಲು. ಕೆಲವು ಮನೆಗಳಲ್ಲಿ ಹೊರಗೋಡೆಗೆ ಅಂಟಿದಂತೆ ಜಾಲರಿ ತಟ್ಟೆಗಳ ಒಂದು ಕಪಾಟು. ಕೆಳಗಿನಿಂದ ತಂಪು ಗಾಳಿ ನುಗ್ಗಿ ಮೇಲಿಂದ ಹೊರಟುಹೋಗುತ್ತಿತ್ತು, ತರಕಾರಿ ವಿದ್ಯುತ್ತಿಲ್ಲದೆ ಬಾಡದೆ ಉಳಿಯುತ್ತಿತ್ತು. 1910ರ ಆಸುಪಾಸಿನಲ್ಲಿ ಅಮೆರಿಕದವರಿಗೆ ಕ್ರಿಮಿಗಳ ಭಯ ಹಿಡಿದಿತ್ತು. ಕೊಳೆ ಕಣ್ಣಿಗೆ ಬೀಳಲೆಂದೇ ಅಡುಗೆಮನೆ ಬಿಳಿ. ಅದು ದುಡಿಯುವ ಜಾಗ, ಅತಿಥಿಗಳು ಕಾಲಿಡುತ್ತಿರಲಿಲ್ಲ. ಸೋಪಿನ ಕಂಪನಿಯ ಡೇವಿಡ್ ಗ್ಯಾಂಬಲ್‌ಗಾಗಿ ವಾಸ್ತುಶಿಲ್ಪಿ ಗ್ರೀನ್ ಸಹೋದರರು 1908ರಲ್ಲಿ ಪ್ಯಾಸಡೀನಾದಲ್ಲಿ ರೂಪಿಸಿದ ಮನೆ ಈ ಶೈಲಿಯ ತೀರ್ಥಕ್ಷೇತ್ರ. ಅಲ್ಲೂ ಮರಗೆಲಸದ ವೈಭವ ಹೆಚ್ಚಾಗಿ ಯಜಮಾನರ ಕೋಣೆಗಳಲ್ಲಿ. ಕೆಲಸದವರು ದುಡಿಯುವ ಅಡುಗೆಮನೆಗೆ ಬಿಳಿ ಟೈಲ್ಸು.

ಈಗ ಅದರ ಜಾಗದಲ್ಲಿ ಬರುವುದು 'ಆ ಕಾಲದ್ದೇ' ಅಡುಗೆಮನೆ. ಓಕ್ ಮುಖದ ಕಪಾಟುಗಳು, ಸುತ್ತಿಗೆಯಿಂದ ಬಡಿದಂತೆ ಕಾಣುವ ತಾಮ್ರದ ಹಿಡಿಗಳು, ಬಣ್ಣದ ಗಾಜಿನ ದೀಪಗಳು. ಆ ಕಾಲದ ಯಾವ ಅಡುಗೆಯವಳೂ ಇಂಥದ್ದನ್ನು ಒಲೆಯ ಪಕ್ಕದಲ್ಲಿ ಕಂಡವಳಲ್ಲ. ನಡುಮನೆಯ ಆಡಂಬರವನ್ನು ಒಲೆ ಮುಂದೆ ತಂದು ಹೂಡುವುದೆಂದರೆ ಹಿತ್ತಿಲಿಗೆ ರಾಜಬೀದಿಯ ಕಮಾನು ಕಟ್ಟಿದ ಹಾಗೆ. ಹಳೇ ಕಾಡಿನ ಡಗ್ಲಸ್ ಫರ್ ಮರದ ಕಪಾಟು ಕಸದ ಲಾರಿ ಹತ್ತುತ್ತದೆ, ಅದೇ ಲಾರಿಯ ಹಿಂದೆಯೇ ಓಕಿನ ತೆಳು ಪದರ ಅಂಟಿಸಿದ ಪ್ಲೈವುಡ್ ಬಂದಿಳಿಯುತ್ತದೆ. ಬೀಡುಕಬ್ಬಿಣದ ಹಳೇ ಸಿಂಕು ಗುಜರಿಗೆ ಹೋಗುತ್ತದೆ. ಮುಂದಿನ ವಾರ ಯಜಮಾನರು ಗುಜರಿಗೆ ಹೋಗಿ, ಅಂಥದ್ದೇ ಸಿಂಕನ್ನು ಹೊಸದಕ್ಕಿಂತ ಹೆಚ್ಚು ಬೆಲೆ ಕೊಟ್ಟು ತರುತ್ತಾರೆ.

ವಸ್ತು ಇದ್ದ ಹಾಗೇ ಕಾಣಬೇಕು ಎನ್ನುವುದು ಈ ಶೈಲಿಯ ಧರ್ಮ. ಅದಕ್ಕೇ ಫ್ರಿಜ್ಜಿಗೆ ಓಕಿನ ಮುಸುಕು ಹಾಕಿ ಬೀರುವಿನ ವೇಷ ಕಟ್ಟುತ್ತಾರೆ. ಬಂದ ನೆಂಟರು ನೀರಿನ ಬಾಟಲಿಗಾಗಿ ಒಂದೊಂದೇ ಕಪಾಟು ತೆರೆಯುತ್ತ ಹೋಗುತ್ತಾರೆ. ಇನ್ನು ಆರು ಉರಿಯ ಒಲೆ. ಅದರ ಮೇಲಿನ ಚಿಮಣಿ ನಿಮಿಷಕ್ಕೆ 400 ಘನ ಅಡಿ ಮೀರಿ ಗಾಳಿ ಎಳೆಯುವಂಥದ್ದಾದರೆ, ಹೊರಗಿನಿಂದ ಅಷ್ಟೇ ಗಾಳಿ ಒಳಗೆ ತರುವ ಏರ್ಪಾಡೂ ಬೇಕೆಂದು ಅಮೆರಿಕದ ಹಲವು ಕಡೆ ನಿಯಮವಿದೆ. ಇಷ್ಟೆಲ್ಲ ಆದ ಮೇಲೆ ಆ ಒಲೆಯ ಮೇಲೆ ಬೇಯುವುದು ಒಂದು ಮೊಟ್ಟೆ.

ಗೋಡೆ ಬಿಚ್ಚಿದಾಗ ಸಿಗುವ ಪಿಂಗಾಣಿ ಗುಂಡಿಗಳ ಮೇಲೆ ಎಳೆದ ಹಳೇ ವೈರು, ಸೀಸದ ಬಣ್ಣ, ಕಲ್ನಾರು ಇವಕ್ಕೆ ಸುರಿದ ಹಣವನ್ನು ಯಾರೂ ನೆಂಟರಿಗೆ ತೋರಿಸುವುದಿಲ್ಲ. ತೋರಿಸುವುದು ಕಲ್ಲನ್ನು. ಒಂದು ಕಾಲಕ್ಕೆ ಇಳಕಲ್ಲು, ಚಾಮರಾಜನಗರಗಳ ಕಡೆಯ ಗ್ರಾನೈಟು ಕಡಲು ದಾಟಿ ಬಂದರೆ ಸಾಕಿತ್ತು. ಈಗ ಕಲೆ ಸುಲಭಕ್ಕೆ ಹಿಡಿಯದ ಕೃತಕ ಕ್ವಾರ್ಟ್ಸ್ ಬೇಕು. ಅದನ್ನು ಕೊಯ್ಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಹೊಕ್ಕು ಕ್ಯಾಲಿಫೋರ್ನಿಯಾದಲ್ಲಿ ವಲಸೆ ಕೆಲಸಗಾರರು ನಡುವಯಸ್ಸಿನಲ್ಲೇ ಸಿಲಿಕೋಸಿಸ್‌ನಿಂದ ಸಾಯುತ್ತಿದ್ದಾರೆ. ಆಸ್ಟ್ರೇಲಿಯಾ 2024ರ ಜುಲೈನಿಂದ ಆ ಕಲ್ಲನ್ನೇ ನಿಷೇಧಿಸಿತು. ಕೈಕೆಲಸದವನ ಘನತೆ ಉಳಿಸಲೆಂದು ಹುಟ್ಟಿದ ಶೈಲಿಯ ಮನೆಯಲ್ಲಿ ಆ ಕಲ್ಲಿನ ಮೇಲೆ ಕೈಯಲ್ಲೇ ಮಾಡಿದ ಮಣ್ಣಿನ ಬಟ್ಟಲು ಇಟ್ಟು ಫೋಟೊ ತೆಗೆಯುತ್ತಾರೆ.

ಹಾಗಂತ ಹಳಬರೇನು ಸತ್ಯಹರಿಶ್ಚಂದ್ರರಲ್ಲ. ಈ ಮನೆಗಳ ಊಟದ ಕೋಣೆಯ ಚಾವಣಿಯಲ್ಲಿ ಕಾಣುವ ದಪ್ಪ ತೊಲೆಗಳು ಬಹಳ ಕಡೆ ಒಳಗೆ ಟೊಳ್ಳು, ಹಲಗೆ ಕೂಡಿಸಿದ ಬರೀ ಪೆಟ್ಟಿಗೆ. 1901ರಲ್ಲಿ 'ದ ಕ್ರಾಫ್ಟ್ಸ್‌ಮನ್' ಪತ್ರಿಕೆ ಹೊರಡಿಸಿ ಸರಳತೆ ಬೋಧಿಸಿದ ಗುಸ್ತಾವ್ ಸ್ಟಿಕ್ಲಿ 1915ರಲ್ಲಿ ದಿವಾಳಿ ಎದ್ದ. ಅಂಚೆಯಲ್ಲಿ ಮನೆ ಮಾರಿದ ಸಿಯರ್ಸ್ ಕಂಪನಿ ಚೆನ್ನಾಗೇ ಕಾಸು ಮಾಡಿತು. ಸ್ಟಿಕ್ಲಿ ಮಾಡಿಸಿದ ಒಂದು ಬೀರು 1988ರ ಹರಾಜಿನಲ್ಲಿ 3,63,000 ಡಾಲರಿಗೆ ಗಾಯಕಿ ಬಾರ್ಬ್ರಾ ಸ್ಟ್ರೈಸಂಡ್ ಪಾಲಾಯಿತು. ಸೋಗು ಕೂಡ ಈ ಮನೆಗಳ ಮೂಲ ಸಾಮಾನೇ, ಹೊಸಬರು ಅದಕ್ಕೆ ಪಾಲಿಶ್ ಹಾಕಿಸಿದ್ದಾರಷ್ಟೆ.

ಅಲ್ಲಿ ನೆಲೆಸಿದ ನಮ್ಮವರೂ ಹಿಂದೆ ಬಿದ್ದಿಲ್ಲ. ಸಾಫ್ಟ್‌ವೇರ್ ದಂಪತಿ ಊಟದ ಕೋಣೆಯ ಗೋಡೆ ಕೆಡವಿ ಎಲ್ಲ ಒಂದೇ ಬಯಲು ಮಾಡಿಕೊಂಡಾಗ ಹಾಸನದಿಂದ ಅಮ್ಮ ಬರುತ್ತಾರೆ. ಎಣ್ಣೆ ಕಾದು, ಸಾಸಿವೆ ಸಿಡಿದು, ಒಣಮೆಣಸಿನಕಾಯಿ ಘಾಟು ಸೋಫಾ ತನಕ ಹಬ್ಬುತ್ತದೆ.

'ಅಮ್ಮಾ, ಒಗ್ಗರಣೆ ಇಲ್ಲಿ ಬೇಡಮ್ಮ, ಓಕ್ ಹಾಳಾಗುತ್ತೆ.'

'ಮತ್ತೆ ಇದು ಯಾತಕ್ಕೋ ಇರೋದು?'

'ಇದು ಮನೆ ಮಾರೋವಾಗ ಬೇಕಾಗುತ್ತೆ.'

ಒಗ್ಗರಣೆ ಗ್ಯಾರೇಜಿಗೆ ಹೋಗುತ್ತದೆ. ಅಲ್ಲಿ ಅಮ್ಮನಿಗೆಂದು ಹೊಸದಾಗಿ ಏನೇನು ಹಾಕಿಸುತ್ತಾರೆ? ಬಿಳಿ ಬಣ್ಣದ ಸಾದಾ ಕಪಾಟು, ಒರೆಸಲು ಸುಲಭವಾದ ಲಿನೋಲಿಯಂ, ಒಂದು ಸಿಂಕು, ಘಾಟು ಹೊರಗೆ ಬಾರದಂತೆ ಮುಚ್ಚಿಕೊಳ್ಳುವ ಒಂದು ಬಾಗಿಲು. ಕಂಟ್ರಾಕ್ಟರು ಅದಕ್ಕೆ ಬೇರೆ ಬಿಲ್ಲು ಕೊಡುತ್ತಾನೆ.